ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಅಕ್ಷರಸೇವೆ

ಇಷ್ಟಲಿಂಗಾರ್ಚನೆಯ ತರುವಾಯ ನಾಲ್ಕಾರು ವಚನಗಳನ್ನು ಓದುವ ಪರಿಪಾಠವು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆಯುವ ಭಕ್ತನಿಗೆ ಆ ಪುಟದ ಅಕ್ಷರಗಳು ಅಲ್ಲಿಗೆ ಹೇಗೆ ಬಂದುವೆಂಬ ಪ್ರಶ್ನೆಯು ಸಾಮಾನ್ಯವಾಗಿ ಹುಟ್ಟುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ಶರಣರ ಮಾತು ಬಾಯಿಂದ ಓಲೆಗೆ, ಓಲೆಯಿಂದ ಮತ್ತೊಂದು ಓಲೆಗೆ, ಅಲ್ಲಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿನ ಮೊಳೆಗೆ ಇಳಿಯುತ್ತ ಬಂದ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಒಬ್ಬ ಮನುಷ್ಯನು ಕಣ್ಣು ನೋಯಿಸಿಕೊಂಡು ಕುಳಿತಿರುವನು. ಅವನು ಅವಸರಪಟ್ಟರೆ ಅಕ್ಷರವು ತಪ್ಪುವುದು. ತಪ್ಪೀತೆಂದು ಅಂಜಿ ತಡಮಾಡಿದರೆ ಮುಂದಿರುವ ಓಲೆಯೇ ಹುಡಿಯಾಗಿ ಹೋಗುವುದು. ಈ ಇಕ್ಕಟ್ಟಿನಲ್ಲಿ ತಮ್ಮ ಜೀವಮಾನದ ಬಹುಭಾಗವನ್ನು ಸವೆಸಿದ ಮಹನೀಯರು ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಲೋಕೋಪಕಾರಗಳನ್ನು ಹಲವರು ಹಲವು ಕಡೆಗಳಲ್ಲಿ ಬರೆದಿರುವರು. ಪ್ರತಿಮಾಡುವ, ಓದಿ ತಿದ್ದುವ ಈ ಒಂದು ಕಾರ್ಯದ ಕಡೆಯಿಂದ ಅವರ ಚರಿತ್ರೆಯನ್ನು ನೋಡುವುದು ಈ ಲೇಖನದ ಉದ್ದೇಶವಾಗಿದೆ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆವಣಿಗೆಯಲ್ಲಿಯೂ ಕೈಯಾಡಿಸಿದವರು, ತಾಯಿ ದಾನಾದೇವಿಯವರು. ಫಕೀರಪ್ಪನೆಂಬ ಹೆಸರನ್ನು ಕೇಳಿ ಕರಾವಳಿಯ ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಶಿರಹಟ್ಟಿಯ ಫಕೀರೇಶ್ವರರ ಮಠಕ್ಕೆ ನಡೆದುಕೊಳ್ಳುವ ಆ ಸೀಮೆಯಲ್ಲಿ ಮಕ್ಕಳಿಗೆ ಈ ಹೆಸರನ್ನಿಡುವುದು ರೂಢಿಯ ಮಾತು. ಧಾರವಾಡದಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ವಿಜ್ಞಾನದಲ್ಲಿ ಪದವಿಯನ್ನೂ, 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಆಲೂರ ವೆಂಕಟರಾಯರ ಸ್ನೇಹವು ಅವರಿಗೆ ದೊರೆತುದು ಮುಂಬಯಿಯಲ್ಲಿಯೇ. ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿಯನ್ನು ನಡೆಸಿ, ಬಳಿಕ ಬಿಜಾಪುರಕ್ಕೆ (ಇಂದಿನ ವಿಜಯಪುರಕ್ಕೆ) ಬಂದು ನೆಲೆಸಿದರು. ಸರಕಾರಿ ವಕೀಲರಾದರು, 1910ರಲ್ಲಿ ಬಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಘದ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು, 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟರಿಂದಲೇ ಒಬ್ಬ ಗೃಹಸ್ಥನ ಬಾಳು ಸಾರ್ಥಕವಾಯಿತೆಂದು ಲೋಕವು ಹೇಳುತ್ತಿತ್ತು. ಅವರಿಗೆ ಇದು ಸಾಲಲಿಲ್ಲ.

ಕಾರಣವು ಹಿಂದೆಯೇ ಘಟಿಸಿತ್ತು. ಓದು ಮುಗಿಯುವ ದಿನಗಳಲ್ಲಿ, 1903ರ ಸುಮಾರಿಗೆ, ಬನಹಟ್ಟಿಯ ಒಂದು ಮನೆಯಲ್ಲಿ ಅವರು ತಾಡೋಲೆಯ ಕಟ್ಟುಗಳನ್ನು ನೋಡಿದರು. ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಎಂಬ ಗ್ರಂಥಗಳು ಅವುಗಳಲ್ಲಿ ಇದ್ದುವು. ವಿಜ್ಞಾನವನ್ನೂ ಇಂಗ್ಲಿಷ್ ಕಾನೂನನ್ನೂ ಓದಿದ ಯುವಕನಿಗೆ ತನ್ನ ಮನೆಮಾತಿನಲ್ಲಿ, ತನ್ನ ಹಿರಿಯರ ಬಾಯಿಂದ ಬಂದ ಇಂತಹ ತತ್ತ್ವವು ಪೂಜೆಯ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿದೆಯೆಂಬ ಸಂಗತಿಯೇ ಹೊಸದು. ಅಂದು ಹಿಡಿದ ಕೈಂಕರ್ಯವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಓಲೆಯ ಕಷ್ಟವನ್ನು ನಮ್ಮ ಹಾಲಾಡಿಯ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬಸರೂರಿನ ಬಂದರದಿಂದ ಘಟ್ಟದ ಮೇಲಿನ ಬಿದನೂರಿನವರೆಗೆ ಕೆಳದಿಯ ಅರಸರ ಆಳ್ವಿಕೆಯಿದ್ದ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ವೀರಶೈವ ಮಠಗಳು ಇದ್ದುವು. ಓಲೆಯ ಕಟ್ಟುಗಳೂ ಇದ್ದುವು. ಆದರೆ ವಾರಾಹಿ ಹೊಳೆಯ ಈ ದಂಡೆಯಲ್ಲಿ ಜ್ಯೇಷ್ಠದಲ್ಲಿ ಹಿಡಿದ ಮಳೆ ಭಾದ್ರಪದದವರೆಗೆ ಬಿಡುವುದಿಲ್ಲ. ಅಟ್ಟದ ಮೇಲಿಟ್ಟುದಕ್ಕೆಲ್ಲ ಬೂಷ್ಟು ಹಿಡಿಯುವುದು. ಗೆದ್ದಲು ಗೋಡೆಯನ್ನೇರಿ ಬರುವುದು. ವರ್ಷಕ್ಕೊಮ್ಮೆ ಕಟ್ಟನ್ನು ಬಿಚ್ಚಿ, ಧೂಳು ಕೊಡವಿ, ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ ಒಣಗಿಸುವ ಅಜ್ಜಂದಿರು ಇರುವತನಕ ಓಲೆಯು ಉಳಿಯುವುದು. ಮೊಮ್ಮಕ್ಕಳ ಕಾಲಕ್ಕೆ ಅದನ್ನು ಓದಬಲ್ಲವರಿಲ್ಲದೆ ಪೂಜೆ ಮಾತ್ರ ಉಳಿಯುವುದು. ಆಮೇಲೆ ಪೂಜೆಯೂ ನಿಂತು ಕಟ್ಟು ಹೊಳೆಯ ಪಾಲಾಗುವುದು. ಬಯಲುಸೀಮೆಯಲ್ಲಿ ಮಳೆ ಕಡಮೆಯಾದರೂ ಹುಳುವಿಗೆ ಬರಗಾಲವಿಲ್ಲ. ಒಣಗಿ ಗರಿಗರಿಯಾದ ಓಲೆಯು ಮುಟ್ಟಿದರೆ ಮುರಿಯುವುದು. ಮುರಿದ ತುಂಡಿನೊಡನೆ ಅದರ ಮೇಲಿನ ಅಕ್ಷರಗಳೂ ಹೋಗುವುವು. ಹಳಕಟ್ಟಿಯವರು ಊರೂರು ಅಲೆದು ಇಂತಹ ಕಟ್ಟುಗಳನ್ನು ಕೂಡಿಸಿದರು. ಕೆಲವರು ಸಂತೋಷದಿಂದ ಕೊಟ್ಟರು. ಪೂಜೆಯ ವಸ್ತುವನ್ನು ಮನೆಯಿಂದ ಹೊರಗೆ ಕಳುಹಲಾರೆವೆಂದವರೂ ಇದ್ದರು. ಅವರನ್ನು ದೂರುವಂತಿಲ್ಲ, ಆ ಭಕ್ತಿಯೇ ಅಷ್ಟು ಶತಮಾನ ಓಲೆಯನ್ನು ಕಾಯ್ದುದು.

ಓಲೆಯು ಕೈಗೆ ಬಂದ ಮೇಲೆ ನಿಜವಾದ ತೊಡಕು ಪ್ರಾರಂಭವಾಗುವುದು. ಕಂಠದಿಂದ ಕೊರೆದು ಮಸಿಯನ್ನು ತೀಡಿದ ಅಕ್ಷರಗಳಲ್ಲಿ ಶಬ್ದ ಶಬ್ದಗಳ ನಡುವೆ ತೆರಪಿಲ್ಲ. ಸಾಲು ಎಲ್ಲಿ ಮುಗಿಯಿತು, ಮಾತು ಎಲ್ಲಿ ಮುಗಿಯಿತು ಎಂಬುದನ್ನು ಓದುವವನೇ ನಿಶ್ಚಯಿಸಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಅನೇಕ ಲಿಪಿಕಾರರು ಗಣಿಸುವುದಿಲ್ಲ. ಪಕಾರ ವಕಾರಗಳು ಮಸಿ ಮಾಸಿದಲ್ಲಿ ಒಂದೇ ಆಗಿ ಕಾಣುವುವು. ಎಲ್ಲಕ್ಕಿಂತ ಮುಖ್ಯವಾದುದು, ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬಹುಮಟ್ಟಿಗೆ ಬರೆವಣಿಗೆಯಲ್ಲಿ ವ್ಯತ್ಯಾಸವಿರುವುದಿಲ್ಲ. ದೀರ್ಘದ ಗುರುತು ಬಿಟ್ಟುಹೋಗಿರುವುದು. ಇದು ಸಣ್ಣ ಮಾತೆಂದು ತೋರಬಹುದು. ಬೆರೆ ಎಂಬ ಶಬ್ದವನ್ನೂ ಬೇರೆ ಎಂಬ ಶಬ್ದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ಕೂಡುವುದನ್ನು ಹೇಳಿದರೆ ಇನ್ನೊಂದು ಅಗಲುವುದನ್ನು ಹೇಳುವುದು. ಓಲೆಯಲ್ಲಿ ಎರಡೂ ಒಂದೇ ರೂಪದಲ್ಲಿ ಕುಳಿತಿರುವುವು. ಲಿಂಗಾಂಗ ಸಾಮರಸ್ಯವನ್ನು ಹೇಳುವ ಒಂದು ವಾಕ್ಯದಲ್ಲಿ ಈ ಒಂದು ದೀರ್ಘವನ್ನು ತಪ್ಪಾಗಿ ಹಾಕಿದವನು ಅಕ್ಷರದೋಷವನ್ನು ಮಾಡಿದನೆನ್ನುವುದಕ್ಕಿಂತ ಸಿದ್ಧಾಂತವನ್ನೇ ಕದಲಿಸಿದನೆನ್ನುವುದು ಸರಿ. ಮೆಲು ಮೇಲು, ಕೊಡು ಕೋಡು ಮುಂತಾದ ಇನ್ನೆಷ್ಟೋ ಜೋಡಿಗಳನ್ನು ವಾಚಕರೇ ನೆನೆದುಕೊಳ್ಳಬಹುದು.

ವಚನಗಳಿಗೇ ವಿಶೇಷವಾದ ಮತ್ತೊಂದು ಗಂಡಾಂತರವಿದೆ. ಒಬ್ಬ ವಚನಕಾರನ ಪ್ರತಿಯೊಂದು ವಚನವೂ ಒಂದೇ ಅಂಕಿತದಿಂದ ಮುಗಿಯುವುದಷ್ಟೆ. ಪ್ರತಿಮಾಡುವವನು ಒಂದು ವಚನದ ಅಂಕಿತದವರೆಗೆ ಬರೆದು, ಕಾಗದದಿಂದ ಕಣ್ಣೆತ್ತಿ ಮತ್ತೆ ಓಲೆಯ ಕಡೆಗೆ ತಿರುಗುವಾಗ, ಮುಂದಿನ ವಚನದ ಕೊನೆಯಲ್ಲಿರುವ ಅದೇ ಅಂಕಿತದ ಮೇಲೆ ಕಣ್ಣು ಬಿದ್ದರೆ ನಡುವಣ ಒಂದು ಇಡೀ ವಚನವು ಸದ್ದಿಲ್ಲದೆ ಬಿಟ್ಟುಹೋಗುವುದು. ಬರೆದುದನ್ನು ಮಾತ್ರ ಓದಿದರೆ ಈ ತಪ್ಪು ಎಂದಿಗೂ ಸಿಕ್ಕುವುದಿಲ್ಲ. ವಾಕ್ಯಗಳೆಲ್ಲ ಸರಿಯಾಗಿಯೇ ಇರುವುವು. ಮೂಲದೊಡನೆ ಸಾಲು ಸಾಲನ್ನು ಹೋಲಿಸಿದಾಗ, ವಚನಗಳನ್ನು ಎಣಿಸಿದಾಗ ಮಾತ್ರ ಅದು ಗೊತ್ತಾಗುವುದು. ಅಂಕಿತವನ್ನು ಮೊಟಕುಮಾಡಿ ಬರೆಯುವ ವಾಡಿಕೆಯೂ ಲಿಪಿಕಾರರಲ್ಲಿ ಉಂಟು. ಆ ಮೊಟಕನ್ನು ತಪ್ಪಾಗಿ ಬಿಡಿಸಿದರೆ ಒಬ್ಬ ಶರಣರ ಮಾತು ಇನ್ನೊಬ್ಬರ ಹೆಸರಿಗೆ ಸೇರಿ ಹೋಗುವುದು. ಒಂದು ದೀರ್ಘ ತಪ್ಪಿದರೆ ವಾಕ್ಯ ಕೆಡುವುದು. ಅಂಕಿತ ತಪ್ಪಿದರೆ ಒಬ್ಬ ಶರಣನೇ ಮರೆಯಾಗುವನು.

ಇನ್ನೂ ಒಂದನ್ನು ಹೇಳಬೇಕು. ವಚನಗಳನ್ನು ಕಂಠಪಾಠ ಮಾಡಿದ ಭಕ್ತನೇ ಕರಡು ತಿದ್ದಲು ಯೋಗ್ಯನೆಂದು ನಾವು ಭಾವಿಸುವುದು ಸಹಜ. ಅನುಭವವು ಬೇರೆಯೇ ಆಗಿದೆ. ಬಾಯಿಪಾಠವಿದ್ದವನು ಪುಟದ ಮೇಲಿರುವುದನ್ನು ಓದದೆ ನೆನಪಿನಲ್ಲಿರುವುದನ್ನು ಓದುವನು. ಮೊಳೆ ತಲೆಕೆಳಗಾಗಿದ್ದರೂ ಅವನ ಕಣ್ಣಿಗೆ ಸರಿಯಾಗಿಯೇ ಕಾಣುವುದು. ಸಂಸ್ಕೃತ ಬಲ್ಲವನ ಸಂಕಟ ಇನ್ನೊಂದು ಬಗೆಯದು. ಶರಣರು ಆಡುಮಾತಿನಲ್ಲಿ ಬಳಸಿದ ತದ್ಭವವು ಅವನಿಗೆ ತಪ್ಪಾಗಿ ತೋರಿ, ಕೈಯು ತಾನಾಗಿಯೇ ಅದನ್ನು ತತ್ಸಮವಾಗಿ ತಿದ್ದಿಬಿಡುವುದು. ಹಿಂದಿನವರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಬೆನ್ನು ಸೊಂಟ ಕೊರಳು ನೊಂದು, ದೃಷ್ಟಿ ಕಟ್ಟಿ ಬರೆದ ಈ ಪ್ರತಿಯಲ್ಲಿ ದೋಷವಿದ್ದರೆ ಬಲ್ಲವರು ಕ್ಷಮಿಸಿ ತಿದ್ದಿಕೊಳ್ಳಬೇಕೆಂಬ ಪ್ರಾರ್ಥನೆಯು ಓಲೆಗ್ರಂಥಗಳ ಕೊನೆಯಲ್ಲಿ ಸಂಪ್ರದಾಯವಾಗಿ ಬರುವುದು. ಬಿಟ್ಟ ಅಕ್ಷರವನ್ನು ಮೇಲೆ ಬರೆದು ಕೆಳಗೆ ಹಂಸಪಾದವನ್ನು ಹಾಕುವ ಪದ್ಧತಿಯೂ ಅವರದೇ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟು ನೋಡುತ್ತ ಹೋಗುವುದು ಎಂಬ ಹಳೆಯ ಕ್ರಮಕ್ಕಿಂತ ಉತ್ತಮವಾದುದು ಈವರೆಗೂ ಕಂಡುಬಂದಿಲ್ಲ. ಅದರಲ್ಲಿ ಇಬ್ಬರ ಹೊತ್ತು ಹೋಗುವುದೆಂಬುದೊಂದೇ ದೋಷ.

ಹಳಕಟ್ಟಿಯವರು ಇವೆಲ್ಲಕ್ಕೆ ತಲೆಕೊಟ್ಟುದು ನ್ಯಾಯಾಲಯದ ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಎಂಬುದನ್ನು ಮರೆಯಲಾಗದು. ವಕೀಲಿಯ ಅಭ್ಯಾಸವು ಅವರಿಗೆ ಇಲ್ಲಿ ನೆರವಾಗಿರಬೇಕು. ದಸ್ತಾವೇಜಿನಲ್ಲಿ ಒಂದು ಹೆಸರು, ಒಂದು ಅಂಕಿ ತಪ್ಪಿದರೆ ಹೊಲವೇ ಕೈಬಿಟ್ಟುಹೋಗುವುದನ್ನು ನಿತ್ಯವೂ ಕಂಡವರಿಗೆ ಅಕ್ಷರದ ಬೆಲೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಬನಹಟ್ಟಿಯಲ್ಲಿ ಓಲೆಗಳನ್ನು ಕಂಡುದಕ್ಕೂ ಮೊದಲನೆಯ ಮಹಾಗ್ರಂಥವು ಹೊರಬಂದುದಕ್ಕೂ ನಡುವೆ ಇಪ್ಪತ್ತು ವರ್ಷಗಳು ಸಂದಿವೆ. ಸಂಗ್ರಹಿಸುವುದು, ಪ್ರತಿಮಾಡುವುದು, ಹೋಲಿಸುವುದು, ನೂರಾರು ವಚನಗಳನ್ನು ವಿಷಯಾನುಸಾರವಾಗಿ ಜೋಡಿಸುವುದು ಇವುಗಳಲ್ಲಿಯೇ ಆ ಕಾಲವು ಕಳೆಯಿತು. ಹೀಗೆ ಸಿದ್ಧವಾದುದು ವಚನಶಾಸ್ತ್ರಸಾರದ ಮೊದಲನೆಯ ಭಾಗ.

ಅದನ್ನು ಅಚ್ಚುಹಾಕಿಸುವ ಸಂಗತಿಯಲ್ಲಿ ನಮ್ಮ ಕರಾವಳಿಯ ಹೆಸರೂ ಬರುತ್ತದೆ. ಆ ಕಾಲದಲ್ಲಿ ಕನ್ನಡದ ಅಂದವಾದ ಮೊಳೆಗಳಿಗೂ ನಿರ್ದುಷ್ಟವಾದ ಮುದ್ರಣಕ್ಕೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹೆಸರುವಾಸಿಯಾಗಿತ್ತು. 1841ರಿಂದ ನಡೆದುಬಂದ ಆ ಮುದ್ರಣಾಲಯದಲ್ಲಿಯೇ ಕಿಟ್ಟೆಲ್ ಪಂಡಿತರ ದೊಡ್ಡ ನಿಘಂಟು 1894ರಲ್ಲಿ ಅಚ್ಚಾಗಿತ್ತು. ಶರಣರ ಮಾತಿಗೆ ಅತ್ಯುತ್ತಮವಾದ ಅಚ್ಚೇ ಬೇಕೆಂದು ಹಳಕಟ್ಟಿಯವರು ತಮ್ಮ ಹಸ್ತಪ್ರತಿಯನ್ನು ಮುಂಗಡ ಹಣದೊಡನೆ ಅಲ್ಲಿಗೆ ಕಳುಹಿದರೆಂದೂ, ಮಿಶನ್ನಿನವರು ಕೆಲಕಾಲದ ಮೇಲೆ ಎರಡನ್ನೂ ಹಿಂದಿರುಗಿಸಿದರೆಂದೂ ಪ್ರತೀತಿಯುಂಟು. ಇಂತಹ ಉದಾತ್ತ ತತ್ತ್ವವು ಜನರ ಕೈಗೆ ಹೋದರೆ ಕ್ರಿಸ್ತಮತದ ಪ್ರಚಾರಕ್ಕೆ ಎಡೆಯಿರದೆಂದು ಅವರು ಅಂಜಿದರೆಂದು ಆ ಪ್ರತೀತಿಯು ಹೇಳುವುದು. ಒಳಗಿನ ಕಾರಣವೇನೇ ಇರಲಿ, ಗ್ರಂಥವು ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. ಬೆಳಗಾವಿಯಲ್ಲಿ ಅಚ್ಚಾಗುವ ಪುಸ್ತಕದ ಕರಡನ್ನು ಬಿಜಾಪುರದಲ್ಲಿ ತಿದ್ದಿ ಕಳುಹಬೇಕಾದರೆ ಅಂಚೆಯ ದಾರಿಯನ್ನೇ ನಂಬಬೇಕು. ಒಂದು ಸಲ ತಿದ್ದಿದ ಕರಡು ಮತ್ತೆ ಜೋಡಣೆಯಾಗಿ ಎರಡನೆಯ ಸಲ ಬರುವಾಗ ಹೊಸ ತಪ್ಪುಗಳು ಹುಟ್ಟಿರುವುದು ಅಚ್ಚಿನ ಮನೆಯ ಅನುಭವವುಳ್ಳವರಿಗೆಲ್ಲ ತಿಳಿದುದೇ. ತಮ್ಮದೇ ಅಚ್ಚಿನ ಮನೆಯಿಲ್ಲದೆ ಈ ಕಾರ್ಯವು ಸಾಗದೆಂದು ಅವರಿಗೆ ಮನವರಿಕೆಯಾಯಿತು.

1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವು ಹುಟ್ಟಿತು. ಅದಕ್ಕಾಗಿ ಅವರು ಇದ್ದ ಮನೆಯನ್ನೇ ಮಾರಿದರೆಂದು ಆ ಕಡೆಯ ಹಿರಿಯರು ಹೇಳುವರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟುವು. ಅದೇ 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಶಿವಾನುಭವವು ಮೂರು ತಿಂಗಳಿಗೊಮ್ಮೆ ಹೊರಡುವ ಪತ್ರಿಕೆಯಾಗಿ ಆರಂಭವಾಗಿ ಬಳಿಕ ಮಾಸಪತ್ರಿಕೆಯಾಯಿತು. ಮೂರು ದಶಕಗಳಿಗೂ ಮಿಕ್ಕಿ ನಡೆಯಿತು.

ಮೊಳೆ ಜೋಡಿಸುವ ಮುದ್ರಣದ ರೀತಿಯನ್ನು ಇಂದಿನ ತರುಣರು ನೋಡಿರಲಾರರಾದುದರಿಂದ ಎರಡು ಮಾತು ಹೇಳುವುದು ಅವಶ್ಯ. ಕನ್ನಡಕ್ಕೆ ಗುಣಿತಾಕ್ಷರಗಳು, ಒತ್ತಕ್ಷರಗಳು ಸೇರಿ ಬೇಕಾಗುವ ಮೊಳೆಗಳ ಬಗೆಗಳು ಇಂಗ್ಲಿಷಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಣ್ಣ ಮುದ್ರಣಾಲಯದಲ್ಲಿ ಒಂದೆರಡು ಫಾರಮುಗಳಿಗೆ ಆಗುವಷ್ಟು ಮಾತ್ರ ಮೊಳೆಗಳಿರುವುವು. ಎಂಟು ಅಥವಾ ಹದಿನಾರು ಪುಟಗಳನ್ನು ಜೋಡಿಸಿ ಕಟ್ಟಿದ ಫಾರಮು ಅಚ್ಚಾಗಿ, ಮೊಳೆಗಳನ್ನು ಬಿಚ್ಚಿ ತಮ್ಮ ತಮ್ಮ ಮನೆಗಳಿಗೆ ಹಾಕಿದ ಮೇಲೆಯೇ ಮುಂದಿನ ಪುಟಗಳ ಜೋಡಣೆ. ಕರಡು ತಿದ್ದುವವನು ಒಂದು ಸಂಶಯದ ಶಬ್ದಕ್ಕಾಗಿ ನಾಲ್ಕು ದಿನ ತಡೆದರೆ ಆ ನಾಲ್ಕು ದಿನವೂ ಮೊಳೆಗಳು ಕಟ್ಟಿನಲ್ಲಿಯೇ ಸಿಕ್ಕಿಕೊಂಡಿರುವುವು. ಜೋಡಿಸುವವನು ಕೈಕಟ್ಟಿ ಕುಳಿತಿರುವನು. ಅವನಿಗೆ ಕೂಲಿ ಮಾತ್ರ ತಪ್ಪದು. ಪತ್ರಿಕೆಯ ದಿನವು ಬಂದು ನಿಂತಿರುವುದು. ಸಾವಧಾನಕ್ಕೆ ತೆರಬೇಕಾದ ಬೆಲೆಯು ಹೀಗೆ ರೂಪಾಯಿ ಆಣೆಗಳಲ್ಲಿ ಎದುರಿಗೆ ಕಾಣುವುದು. ಸಂಪಾದಕನೂ ಕರಡು ನೋಡುವವನೂ ಮುದ್ರಣಾಲಯದ ಒಡೆಯನೂ ಸಾಲಗಾರನೂ ಒಬ್ಬನೇ ಆದಾಗ ಆ ಒತ್ತಡವು ಎಂತಹುದಾಗಿರಬೇಕು!

ಇಲ್ಲಿ ಹಳಕಟ್ಟಿಯವರ ವಿವೇಕವನ್ನು ಗಮನಿಸಬೇಕು. ಅವರ ಕಾರ್ಯದ ಒಟ್ಟು ನಡೆಯನ್ನು ನೋಡಿದರೆ ಅವರು ಎಲ್ಲೆಡೆಯಲ್ಲಿಯೂ ಒಂದೇ ವೇಗವನ್ನು ಇಟ್ಟುಕೊಳ್ಳಲಿಲ್ಲವೆಂಬುದು ತಿಳಿಯುವುದು. ಓಲೆಯನ್ನು ಹುಡುಕುವಲ್ಲಿ, ಕೂಡಿಸುವಲ್ಲಿ, ಅದರಲ್ಲಿರುವುದನ್ನು ಕಾಗದಕ್ಕೆ ಇಳಿಸುವಲ್ಲಿ ಅವರಿಗೆ ಅತಿಯಾದ ಅವಸರ. ಓಲೆಯು ಇಂದು ಇದ್ದುದು ನಾಳೆ ಇರದು. ಕಳೆದುಹೋದ ಓಲೆಯನ್ನು ಯಾವ ಪಂಡಿತನೂ ತಿದ್ದಲಾರನು. ಯಾರ ವಚನ, ಯಾವ ಅಂಕಿತ, ಯಾವ ಸ್ಥಲಕ್ಕೆ ಸೇರಿದುದು ಎಂಬ ವಿವೇಚನೆಯಲ್ಲಿ ಅವರು ನಿಧಾನಿಗಳು. ವಚನಶಾಸ್ತ್ರಸಾರವು ಇಪ್ಪತ್ತು ವರ್ಷ ತೆಗೆದುಕೊಂಡುದು ಇದಕ್ಕೆ ಸಾಕ್ಷಿ. ಇನ್ನು ಅಚ್ಚಿನಲ್ಲಿ ಉಳಿಯುವ ಬಿಡಿ ತಪ್ಪುಗಳ ವಿಷಯದಲ್ಲಿ ಅವರು ತಮ್ಮನ್ನು ಕಟ್ಟಿಹಾಕಿಕೊಳ್ಳಲಿಲ್ಲ. ಅಚ್ಚಾದ ಪುಸ್ತಕವು ನೂರು ಮನೆಗಳಲ್ಲಿರುವುದು. ತಪ್ಪು ಕಂಡವನು ತಿದ್ದಬಹುದು, ಬೇರೆ ಓಲೆಯುಳ್ಳವನು ಹೋಲಿಸಬಹುದು, ಎರಡನೆಯ ಮುದ್ರಣದಲ್ಲಿ ಸರಿಪಡಿಸಬಹುದು. ಪತ್ರಿಕೆಯಲ್ಲಿ ಮೊದಲು ಪ್ರಕಟಿಸುವುದರಿಂದ ಇನ್ನೊಂದು ಲಾಭವಿತ್ತು. ತಮ್ಮ ಮನೆಯ ಕಟ್ಟಿನಲ್ಲಿಯೂ ಇಂತಹುದೇ ಇದೆಯೆಂಬುದು ಓದುಗರಿಗೆ ಆಗಲೇ ಗೊತ್ತಾಗುತ್ತಿತ್ತು.

ಫಲವೇನಾಯಿತೆಂದರೆ, ಅವರ ಮುಂಚೆ ಸುಮಾರು 50 ಮಂದಿ ವಚನಕಾರರ ಹೆಸರುಗಳು ಮಾತ್ರ ಗೊತ್ತಿದ್ದಲ್ಲಿ, ಅವರ ಪರಿಶ್ರಮದಿಂದ 250ಕ್ಕೂ ಹೆಚ್ಚು ಮಂದಿ ಬೆಳಕಿಗೆ ಬಂದರು. ಕಾಯಕಜೀವಿಗಳಾದ ಎಷ್ಟೋ ಶರಣರು, ಶರಣೆಯರು ಹೀಗೆ ಎರಡನೆಯ ಜನ್ಮವನ್ನು ಪಡೆದರು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಅವರು 1930ರಲ್ಲಿ ಹೊರತಂದರು. ಹರಿಹರನ ರಗಳೆಗಳೂ ಅವರ ಕೈಯಿಂದ ಅಚ್ಚನ್ನು ಕಂಡುವು. ಇವನ್ನೆಲ್ಲ ಇಂದಿನ ಶಾಸ್ತ್ರೀಯ ಸಂಪಾದನೆಯ ಕಟ್ಟಳೆಯಿಂದ ಅಳೆದರೆ ಕೊರತೆಗಳು ಕಾಣದೆ ಇರಲಾರವು. ಯಾವ ಪ್ರತಿಯಲ್ಲಿ ಯಾವ ಪಾಠವಿದೆಯೆಂಬುದನ್ನು ಅಡಿಟಿಪ್ಪಣಿಯಲ್ಲಿ ಸಮಗ್ರವಾಗಿ ಕೊಡುವ ಕ್ರಮವು ಅವರ ಪ್ರಕಟಣೆಗಳಲ್ಲೆಲ್ಲ ಇಲ್ಲ. ಅಚ್ಚಿನ ದೋಷಗಳೂ ಇವೆ. ಇದನ್ನು ಮುಚ್ಚಿಡುವುದು ಅವರಿಗೆ ಮಾಡುವ ಗೌರವವಲ್ಲ. ಆದರೆ ಪಾಠಾಂತರಗಳನ್ನೆಲ್ಲ ಕೂಡಿಸಿ, ಪ್ರತಿಯೊಂದು ಸಂಶಯವನ್ನೂ ಪರಿಹರಿಸಿಕೊಂಡೇ ಅಚ್ಚಿಗೆ ಕೊಡುವೆನೆಂದು ಅವರು ಕುಳಿತಿದ್ದರೆ, ಪರಿಶೋಧಿಸಲು ಮುಂದಿನ ಪಂಡಿತರಿಗೆ ಏನು ಉಳಿದಿರುತ್ತಿತ್ತು? ಅವರ ದೋಷಗಳನ್ನು ಎಣಿಸಿದ ವಿದ್ವಾಂಸರು ಆ ಎಣಿಕೆಗೆ ಬೇಕಾದ ಗ್ರಂಥವನ್ನು ಅವರಿಂದಲೇ ಪಡೆದರು.

ಆ ಮುಂದಿನ ಕಾರ್ಯವು ಸುಮ್ಮನೆ ನಡೆಯಲಿಲ್ಲ. ಪ್ರಾಚಾರ್ಯ ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಹಲವು ಪ್ರತಿಗಳ ಆಧಾರದಿಂದ ಪರಿಷ್ಕರಿಸಿದರು. ಶೂನ್ಯಸಂಪಾದನೆಯು ಪ್ರೊ. ಸಂ. ಶಿ. ಭೂಸನೂರಮಠರ ಸಂಪಾದನೆಯಲ್ಲಿ 1958ರಲ್ಲಿ ಮತ್ತೆ ಹೊರಬಂದಿತು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳಿವೆ. 1923ರಲ್ಲಿ ಆರಂಭವಾದ ಕರಡು ತಿದ್ದುವಿಕೆಯು ಎಪ್ಪತ್ತು ವರ್ಷಗಳ ಮೇಲೆ ಒಂದು ನೆಲೆಗೆ ಬಂದಿತೆನ್ನಬಹುದು. ಆದರೆ ಮುಗಿಯಿತೆನ್ನುವಂತಿಲ್ಲ. ಈಗ ವಚನಗಳು ಗಣಕಯಂತ್ರಕ್ಕೆ ಇಳಿದಿವೆ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚುಮಾಡಿದುದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾರುವುದು, ದೀರ್ಘವು ಹಾರಿಹೋಗುವುದು. ಹಾಗೆ ಕೆಟ್ಟ ವಚನವೊಂದು ಕ್ಷಣಮಾತ್ರದಲ್ಲಿ ಸಾವಿರಾರು ಜನರ ಕೈಯಲ್ಲಿರುವ ದೂರವಾಣಿಗಳನ್ನು ಸೇರುವುದು. ಓಲೆಯ ಕಾಲದಲ್ಲಿ ಒಂದು ತಪ್ಪು ಇನ್ನೊಂದು ಮಠಕ್ಕೆ ಹೋಗಬೇಕಾದರೆ ಒಬ್ಬನು ಅದನ್ನು ಕುಳಿತು ಬರೆಯಬೇಕಾಗಿತ್ತು. ಬೆರೆ, ಬೇರೆ ಎಂಬ ಹಳೆಯ ಇಕ್ಕಟ್ಟು ಹೊಸ ವೇಷದಲ್ಲಿ ಮರಳಿ ಬಂದಿದೆ. ಈಗ ಓಲೆಯು ಹುಡಿಯಾಗುವ ಭಯವಿಲ್ಲದಿರುವಾಗ ಅವಸರಕ್ಕೆ ಹಳಕಟ್ಟಿಯವರಿಗಿದ್ದ ಕಾರಣವು ನಮಗಿಲ್ಲ.

ಹಳಕಟ್ಟಿಯವರ ಸಂಸಾರಜೀವನದ ಕಷ್ಟಗಳನ್ನು ವಿಸ್ತರಿಸುವುದಿಲ್ಲ. ಮುದ್ರಣಾಲಯವೂ ಪತ್ರಿಕೆಗಳೂ ಅವರ ವಕೀಲಿಯ ಸಂಪಾದನೆಯನ್ನು ನುಂಗಿದುವು. ಸ್ವಂತ ಮನೆಯಿಲ್ಲದೆ ಬಾಡಿಗೆಯ ಮನೆಯಲ್ಲಿಯೇ ದಿನಗಳನ್ನು ಕಳೆದರು. ಹರಿದ ಅಂಗಿಯ ಮೇಲೆ ಕೋಟನ್ನು ತೊಟ್ಟು ಬೀದಿಯಲ್ಲಿ ನಡೆಯುತ್ತಿದ್ದ ಅವರನ್ನು ಕಂಡವರ ನೆನಪುಗಳು ಆ ಊರಿನಲ್ಲಿ ಬಹುಕಾಲ ಉಳಿದುವು. ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ, ಗೋಲಗುಮ್ಮಟಕ್ಕಿಂತ ಮೊದಲು ನೋಡಬೇಕಾದುದು ಈ ವಚನ ಗುಮ್ಮಟವನ್ನೆಂದು ಹೇಳಿ ಅವರನ್ನು ಕಾಣಲು ಹೋದರೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಸರಕಾರವು ರಾವ್ ಬಹಾದ್ದೂರ್ ಪದವಿಯನ್ನಿತ್ತಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಿ. ಲಿಟ್. ಪದವಿಯನ್ನಿತ್ತು ತಾನು ಗೌರವವನ್ನು ಪಡೆಯಿತು. ಜನರು ಕೊಟ್ಟ ವಚನ ಪಿತಾಮಹರೆಂಬ ಹೆಸರೇ ಇವೆಲ್ಲಕ್ಕಿಂತ ನಿಂತುದು. ವಿಜಯಪುರದಲ್ಲಿ ಅವರು ಕಟ್ಟಿದ ವಿದ್ಯಾಸಂಸ್ಥೆಯು ಅವರ ಹೆಸರಿನಲ್ಲಿ ಒಂದು ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ಅವರ ಸಮಗ್ರ ಸಾಹಿತ್ಯವೂ ಸಂಪುಟಗಳಾಗಿ ಹೊರಬಂದಿದೆ.

1964ನೆಯ ಇಸವಿ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷಗಳು ತುಂಬುವುದಕ್ಕೆ ಮೂರೇ ದಿನಗಳು ಉಳಿದಿದ್ದುವು. ಅವರ ಹುಟ್ಟಿದ ದಿನವಾದ ಜುಲೈ 2ನ್ನು ನಾಡಿನಲ್ಲಿ ಈಗ ವಚನ ಸಾಹಿತ್ಯ ಸಂರಕ್ಷಣೆಯ ದಿನವೆಂದು ಆಚರಿಸುವರು.